ತುಕಡಿ ಎಂದರೆ ಎಷ್ಟು ಜನ?

ಪ್ರಶ್ನೆ: ಗಣೇಶ ವಿಸರ್ಜನೆ ಬಂದೋಬಸ್ತಿಗೆ ‘ಎರಡು ಕೆಎಸ್‌ಆರ್‌ಪಿ ತುಕಡಿ’ ಬಂದಿವೆ ಎಂದು ಪತ್ರಿಕೆಯಲ್ಲಿ ಓದಿದೆ. ಒಂದು ತುಕಡಿಯಲ್ಲಿ ಎಷ್ಟು ಜನ ಇರುತ್ತಾರೆ? ಪ್ಲಟೂನ್, ಪಟಾಲಂ ಎನ್ನುವುದೂ ಇದನ್ನೇನಾ?

ಉತ್ತರ: ತುಕಡಿಗೆ ಲೆಕ್ಕವೇ ಇಲ್ಲ. ಮರಾಠಿ, ಹಿಂದಿಯಲ್ಲೂ ಇರುವ ಈ ಮಾತಿಗೆ ಚೂರು, ತುಂಡು ಅಂತಷ್ಟೇ ಅರ್ಥ. ಕರಾವಳಿಯಲ್ಲಿ ಮೈದಾ ಲಟ್ಟಿಸಿ, ಓರೆಯಾಗಿ ಕತ್ತರಿಸಿ, ಎಣ್ಣೆಯಲ್ಲಿ ಕರಿದ ತಿಂಡಿಯೂ ತುಕ್ಡಿಯೇ. ಮರಾಠಿ ಶಾಲೆಗಳಲ್ಲಿ ತರಗತಿಯ ‘ಎ’ ವಿಭಾಗ, ‘ಬಿ’ ವಿಭಾಗಕ್ಕೂ ತುಕಡಿ ಎನ್ನುತ್ತಾರೆ. ದೊಡ್ಡ ಪಡೆಯಿಂದ ಬೇರ್ಪಡಿಸಿ ಕಳಿಸಿದವರು ಹತ್ತೇ ಮಂದಿ ಇರಲಿ, ನೂರಿರಲಿ, ತುಕಡಿ ಅಂದರೆ ತಪ್ಪಾಗದು. ಪೊಲೀಸ್ ಸುದ್ದಿಯಲ್ಲಿ ಮಾತ್ರ ಅದು ಬಹುಮಟ್ಟಿಗೆ ಪ್ಲಟೂನಿನ ಬದಲಿಗೆ ಬಂದಿರುತ್ತದೆ.

ಪ್ಲಟೂನಿಗೆ ಲೆಕ್ಕವಿದೆ. ನಮ್ಮ ಸೇನೆಯ ಕಾಲಾಳು ಪಡೆಯಲ್ಲಿ ಸುಮಾರು 10 ಜವಾನರದು ಒಂದು ಸೆಕ್ಷನ್. ಹವಾಲ್ದಾರ್ ಅದರ ಮುಂದಾಳು. ಮೂರು ಸೆಕ್ಷನ್ ಸೇರಿದರೆ ಪ್ಲಟೂನ್, ಮೂರು ಪ್ಲಟೂನ್ ಸೇರಿದರೆ ಕಂಪನಿ. ಪ್ಲಟೂನ್ ಪದದ ಮೂಲ ಫ್ರೆಂಚ್, ಅರ್ಥ ಪುಟ್ಟ ಉಂಡೆ! ಸೈಕಲ್ ರೇಸಿನಲ್ಲಿ ಒತ್ತೊತ್ತಾಗಿ ಸಾಗುವ ಸವಾರರ ಗುಂಪಿಗೆ ಇವತ್ತೂ ‘ಪೆಲೊಟಾನ್’ ಎಂಬ ಅದೇ ಹೆಸರಿದೆ.

ಪಟಾಲಂ ಕಥೆ ಬೇರೆ. ಅದು ಸಣ್ಣ ಗುಂಪೇ ಅಲ್ಲ, ಬೆಟಾಲಿಯನ್, ಅಂದರೆ ಹಲವು ಕಂಪನಿ ಸೇರಿದ ದೊಡ್ಡ ಪಡೆ. ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಕಾಲದಲ್ಲಿ ಆ ಪದ ಉತ್ತರದವರ ಬಾಯಲ್ಲಿ ‘ಪಲ್ಟನ್’ ಆಯಿತು, ದಕ್ಷಿಣದವರ ಬಾಯಲ್ಲಿ ‘ಪಟಾಲಂ’. ಉತ್ತರದ ರೂಪದಲ್ಲಿ ಪ್ಲಟೂನೂ ಒಂದಿಷ್ಟು ಬೆರೆತಿರಬಹುದು. ಪಲ್ಟನ್ ಮರ್ಯಾದೆ ಉಳಿಸಿಕೊಂಡಿದೆ. ಕಬಡ್ಡಿಯ ಪುಣೇರಿ ಪಲ್ಟನ್ ನೋಡಿ. ತಮಿಳರಿಗೂ ‘ಪಟ್ಟಾಳಂ’ ಅಂದರೆ ಸೇನೆಯೇ. ನಮ್ಮಲ್ಲಿ ಮಾತ್ರ ‘ಶಾಸಕರು ತಮ್ಮ ಪಟಾಲಂ ಸಮೇತ ಬಂದರು’ ಎಂದ ಕೂಡಲೇ ಹಿಂಬಾಲಕರ ದಂಡು ಕಣ್ಣಿಗೆ ಕಟ್ಟುತ್ತದೆ, ಬರೆದವನ ಅಸಡ್ಡೆಯೂ ಗೊತ್ತಾಗುತ್ತದೆ. ರಜೆಗೆ ಅಜ್ಜಿ ಮನೆಗೆ ನುಗ್ಗುವ ಮಕ್ಕಳ ಪಟಾಲಮ್ಮಿಗಷ್ಟೇ ಸ್ವಲ್ಪ ಪ್ರೀತಿ.

ಲೆಕ್ಕವಿರುವ ಹಳೆಯ ಪದ ಬೇಕೆಂದರೆ ಮಹಾಭಾರತದ ‘ಪತ್ತಿ’ ಇದೆ: ಒಂದು ರಥ, ಒಂದು ಆನೆ, ಮೂರು ಕುದುರೆ, ಐದು ಕಾಲಾಳು. ಮೂರು ಪತ್ತಿಗೆ ಒಂದು ಸೇನಾಮುಖ, ಮೂರು ಸೇನಾಮುಖಕ್ಕೆ ಒಂದು ಗುಲ್ಮ. ಹೀಗೇ ಏರುತ್ತ ಹೋಗಿ ಅಕ್ಷೌಹಿಣಿ ಮುಟ್ಟುವಷ್ಟರಲ್ಲಿ 21,870 ಪತ್ತಿಗಳಾಗುತ್ತವೆ. ಅನುವಾದಕರು ಪ್ಲಟೂನಿಗೆ ಗುಲ್ಮ ಎಂದು ಹಾಕುವ ಆಸೆ ಬಿಡುವುದು ಒಳ್ಳೆಯದು. ಆನೆಯನ್ನು ಎಲ್ಲಿಂದ ತರುತ್ತೀರಿ? ಪ್ಲಟೂನ್ ಎಂದೇ ಬರೆಯಿರಿ.