‘ದ’ ಎಲ್ಲಿ ಬೇಕು, ಎಲ್ಲಿ ಬೇಡ

ಇಂಗ್ಲಿಷಿನ ‘ದ’ ಬಗ್ಗೆ ಎಷ್ಟು ಸಲ ಉತ್ತರಿಸಿದರೂ ಅದೇ ಪ್ರಶ್ನೆಗಳು ಮತ್ತೆ ಬರುತ್ತವೆ. ‘ಎ’, ‘ಆ್ಯನ್’ ಗೊತ್ತಿದೆ ಎಂದುಕೊಂಡೇ ಬರೆಯುತ್ತಿದ್ದೇನೆ.

ಪ್ರಶ್ನೆ: ಹತ್ತನೇ ತರಗತಿಯ ಮಗಳು ಪ್ರಬಂಧದಲ್ಲಿ ‘ವಿ ಟುಕ್ ಎ ಬಸ್ ಟು ಮಲ್ಪೆ. ದ ಡ್ರೈವರ್ ವಾಸ್ ಕೈಂಡ್’ ಎಂದು ಬರೆದಿದ್ದಳು. ಮೊದಲ ಸಲ ‘ಎ’, ಎರಡನೇ ಸಲ ‘ದ’ ಎಂಬುದೇ ನಿಯಮ ಎಂದು ಟ್ಯೂಶನ್‌ನವರು ಅದನ್ನು ‘ಎ ಡ್ರೈವರ್’ ಮಾಡಿದ್ದಾರೆ. ಯಾವುದು ಸರಿ? (ಸುರತ್ಕಲ್‌ನ ತಾಯಿ)

ಮಗಳು ಬರೆದದ್ದೇ ಸರಿ. ಆ ತಿದ್ದುಪಡಿ ಅಳಿಸಿ ಹಾಕಿ. ಬಸ್ ಎಂದ ಮೇಲೆ ಅದಕ್ಕೊಬ್ಬ ಡ್ರೈವರ್ ಇದ್ದೇ ಇರುತ್ತಾನೆ. ಯಾವ ಡ್ರೈವರ್ ಎಂದು ಓದುವವರು ಕೇಳುವುದಿಲ್ಲ. ‘ಎ ಡ್ರೈವರ್’ ಎಂದರೆ ಬಸ್ಸಿನವನಲ್ಲದ ಬೇರೆ ಯಾರೋ ಡ್ರೈವರ್ ಎಂಬ ಅರ್ಥ ಬರುತ್ತದೆ. ಅದೇ ಬಸ್ಸಿನಲ್ಲಿ ಹಾಡಿದ ಪ್ರಯಾಣಿಕನಾದರೆ ‘ಎ ಪ್ಯಾಸೆಂಜರ್’, ಪ್ರಯಾಣಿಕರು ಹಲವರಲ್ಲವೇ? ಎಷ್ಟನೇ ಸಲ ಬಂತು ಎಂದು ಎಣಿಸುವುದು ಬಿಟ್ಟು, ಅದು ಯಾವುದೆಂದು ಓದುವವರಿಗೆ ತಿಳಿಯುತ್ತದೆಯೇ ಎಂದು ನೋಡಬೇಕು. ‘ಶಟ್ ದ ಡೋರ್’ ಎನ್ನುವ ಮೊದಲು ಯಾರೂ ಬಾಗಿಲನ್ನು ಪರಿಚಯಿಸುವುದಿಲ್ಲ.

ಈ ಭೇದ ಕನ್ನಡಿಗರಿಗೆ ಹೊಸದೇನಲ್ಲ. ‘ಮೀನು ತಂದೆ’ ಎಂದರೆ ಯಾವುದೋ ಮೀನು. ‘ಮೀನನ್ನು ಫ್ರಿಜ್ಜಿನಲ್ಲಿಟ್ಟೆ’ ಎಂದರೆ ತಂದ ಅದೇ ಮೀನು. ಹಾಗೆಂದು ‘ಅನ್ನು’ ಇದ್ದಲ್ಲೆಲ್ಲ ‘ದ’ ಹಾಕಬೇಡಿ. ಮನುಷ್ಯರ ವಿಷಯದಲ್ಲಿ ‘ಒಬ್ಬ ಡ್ರೈವರನ್ನು ಕರೆದೆ’ ಎನ್ನುತ್ತೇವೆ, ಅದು ‘ಎ ಡ್ರೈವರ್’. ‘ದ’ ಎಂದರೆ ‘ಆ’ ಎಂದು ಕಲಿಸುವವರಿಂದಲೂ ಮಕ್ಕಳನ್ನು ದೂರವಿಡಿ. ‘ದ ಸನ್’ ಎಂದರೆ ಸೂರ್ಯ, ‘ಆ ಸೂರ್ಯ’ ಅಲ್ಲ.

ನನಗೆ ಹೆಚ್ಚು ಕಾಣುವ ತಪ್ಪು ‘ದ ಲೈಫ್ ಈಸ್ ಶಾರ್ಟ್’, ‘ದ ಆನೆಸ್ಟಿ ಈಸ್ ದ ಬೆಸ್ಟ್ ಪಾಲಿಸಿ’. ಬದುಕು, ಪ್ರಾಮಾಣಿಕತೆ ಎಂದು ಒಟ್ಟಾರೆ ಹೇಳುವಾಗ ‘ದ’ ಬೇಡ. ‘ದ ಲೈಫ್ ಆಫ್ ಎ ಫಿಶರ್‌ಮನ್’ನಲ್ಲಿ ಬೇಕು, ಯಾರ ಬದುಕೆಂದು ಹೇಳಿದ್ದೀರಿ. ಇದನ್ನು ಕೇಳಿ ‘ಆಫ್ ಬಂದರೆ ದ’ ಎಂದು ಬಾಯಿಪಾಠ ಮಾಡಿಸುವವರಿದ್ದಾರೆ. ಹಾಗಿದ್ದರೆ ‘ಎ ಫ್ರೆಂಡ್ ಆಫ್ ಮೈನ್’ ತಪ್ಪಾಗಬೇಕಿತ್ತು!

ಪ್ರಶ್ನೆ: ‘ದ ಮಂಗಳೂರು’ ಎಂದರೆ ಊರಿಗೆ ಗೌರವ ಕೊಟ್ಟಂತಲ್ಲವೇ?

ಅಲ್ಲ. ‘ದ’ಗೂ ಗೌರವಕ್ಕೂ ಸಂಬಂಧವಿಲ್ಲ. ನೇತ್ರಾವತಿ ನದಿ, ಅರಬ್ಬೀ ಸಮುದ್ರ, ಪಶ್ಚಿಮ ಘಟ್ಟ, ಬಹುವಚನದ ಸೇಂಟ್ ಮೇರೀಸ್ ಐಲ್ಯಾಂಡ್ಸ್ ಇವಕ್ಕೆ ‘ದ’ ಬೇಕು. ಮಂಗಳೂರು, ಉಡುಪಿ, ಕುದುರೆಮುಖಕ್ಕೆ ಬೇಡ.

ಪ್ರಶ್ನೆ: ‘ದಿ’ ಎಂದು ಯಾವಾಗ ಉಚ್ಚರಿಸಬೇಕು?

ಮುಂದಿನದು ಸ್ವರದ ಧ್ವನಿಯಾದರೆ. ಅಕ್ಷರ ನೋಡಬೇಡಿ, ಕಿವಿಗೊಡಿ: ದ ಯೂನಿವರ್ಸಿಟಿ, ದಿ ಅವರ್, ದಿ ಎಂಎಲ್‌ಎ.

ಪ್ರಶ್ನೆ: ‘ಇನ್ ಹಾಸ್ಪಿಟಲ್’ ಸರಿಯೋ, ‘ಇನ್ ದ ಹಾಸ್ಪಿಟಲ್’ ಸರಿಯೋ?

ರೋಗಿಯಾಗಿ ದಾಖಲಾದವರ ಬಗ್ಗೆ ಬ್ರಿಟಿಷರು ಮೊದಲನೆಯದನ್ನು, ಅಮೆರಿಕನ್ನರು ಎರಡನೆಯದನ್ನು ಹೇಳುತ್ತಾರೆ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ.

ಪ್ರಶ್ನೆ: 30 ದಿನಗಳಲ್ಲಿ ಆರ್ಟಿಕಲ್‌ (ಎ, ಆ್ಯನ್, ದ) ಪೂರ್ತಿ ಕಲಿಸುತ್ತೇವೆ ಎನ್ನುವ ಕ್ಲಾಸಿಗೆ ಸೇರಬಹುದೇ?

ದುಡ್ಡು ಹಾಳು ಮಾಡಬೇಡಿ. ದಿನಾ ಇಂಗ್ಲಿಷ್ ಪತ್ರಿಕೆಯ ಒಂದು ಸುದ್ದಿ ಓದಿ, ಪ್ರತಿ ‘ದ’ ಕೆಳಗೆ ಗೆರೆ ಎಳೆದು ‘ಇದು ಯಾವುದೆಂದು ನನಗೆ ಹೇಗೆ ತಿಳಿಯಿತು?’ ಎಂದು ಕೇಳಿಕೊಳ್ಳಿ. ಉತ್ತರ ಹೊಳೆಯದ ವಾಕ್ಯವಿದ್ದರೆ ನನಗೆ ಪೂರ್ತಿಯಾಗಿ ಬರೆದು ಕಳುಹಿಸಿ, ಬಿಡಿ ಪದ ಮಾತ್ರ ಕಳುಹಿಸಬೇಡಿ.