7 ವರ್ಷದ ಮಗ ಇನ್ನೂ ಹಾಸಿಗೆ ಒದ್ದೆ ಮಾಡುತ್ತಾನೆ, ಬೈದರೆ ಬಿಡ್ತಾನಾ?

ಬೈದರೆ ಹೆದರಿಕೆ ಜಾಸ್ತಿಯಾಗುತ್ತದೆ, ಅಷ್ಟೇ. ಅವನು ಬೇಕಂತ ಮಾಡುತ್ತಿಲ್ಲ. ಮೂತ್ರಚೀಲ ತುಂಬಿದರೂ ನಿದ್ದೆಯಲ್ಲಿ ಎಚ್ಚರವಾಗುವುದಿಲ್ಲ. ಕೆಲವು ಮಕ್ಕಳಲ್ಲಿ ರಾತ್ರಿ ಮೂತ್ರ ಕಮ್ಮಿ ಮಾಡುವ ವ್ಯಾಸೊಪ್ರೆಸಿನ್ ಹಾರ್ಮೋನು ಸಾಕಷ್ಟು ಇರುವುದಿಲ್ಲ. ಇದು ವಂಶದಲ್ಲೂ ಬರುತ್ತದೆ. ಅಜ್ಜಿಯನ್ನು ಕೇಳಿ ನೋಡಿ, ಮಗನ ಅಪ್ಪನೂ ಚಿಕ್ಕವನಿದ್ದಾಗ ಚಾಪೆ ಒದ್ದೆ ಮಾಡಿರಬಹುದು! ಆ ಕಥೆ ಮಗನಿಗೆ ಹೇಳಿ, ಅರ್ಧ ನಾಚಿಕೆ ಹೋಗುತ್ತದೆ.

ಮಲಬದ್ಧತೆ ಇದೆಯಾ ಗಮನಿಸಿ. ಗಟ್ಟಿ ಮಲ ಮೂತ್ರಚೀಲವನ್ನು ಒತ್ತುತ್ತದೆ, ಇದು ಯಾರಿಗೂ ಹೊಳೆಯುವುದೇ ಇಲ್ಲ. ನೀರು ಹಗಲಲ್ಲೇ ಚೆನ್ನಾಗಿ ಕುಡಿಸಿ.

6 ತಿಂಗಳು ಸರಿಯಿದ್ದು ಮತ್ತೆ ಶುರುವಾಗಿದ್ದರೆ ಬೇರೆ ಮಾತು. ಜೊತೆಗೆ ಬಾಯಾರಿಕೆ ಹೆಚ್ಚಿ ತೂಕ ಇಳಿದಿದ್ದರೆ ಅವತ್ತೇ ಸಕ್ಕರೆ ಪರೀಕ್ಷೆ ಮಾಡಿಸಿ. ಅದಿಲ್ಲವೆಂದರೆ ಹೊಸ ಪಾಪು, ಶಾಲೆಯ ಭಯ, ಮನೆಯ ಜಗಳ, ಏನು ಕಾಡುತ್ತಿದೆ ಅಂತ ಮೆಲ್ಲಗೆ ಕೇಳಿ.