ನೋಡಿದರೆ ಚೆನ್ನಾಗೇ ಇದ್ದೀರಲ್ಲ: ವಾಲಿದ ಬೆನ್ನು ಮತ್ತು ಕಾಣದ ತೊಂದರೆಗಳ ಪ್ರಶ್ನೋತ್ತರ

ಪ್ರಶ್ನೆ: ಹದಿಮೂರು ವರ್ಷದ ಮಗಳಿಗೆ ಸ್ಕೋಲಿಯೋಸಿಸ್, ಬೆನ್ನುಮೂಳೆ ಪಕ್ಕಕ್ಕೆ 28 ಡಿಗ್ರಿ ವಾಲಿದೆ ಎಂದರು. ಭಾರದ ಬ್ಯಾಗು ಹೊರಿಸಿದ್ದೇ ತಪ್ಪಾಯಿತೇ? ದಿನಕ್ಕೆ 18 ಗಂಟೆ ಬ್ರೇಸ್ (ಮೈಗೆ ಬಿಗಿಯುವ ಗಟ್ಟಿ ಕವಚ) ಹಾಕಿಸಿ ಎಂದಿದ್ದಾರೆ, ಅವಳು ಎರಡೇ ದಿನಕ್ಕೆ ಕಿತ್ತೆಸೆದಳು.

ಉತ್ತರ: ಬ್ಯಾಗಿನಿಂದ ಬೆನ್ನು ನೋಯಬಹುದು, ಸ್ಕೋಲಿಯೋಸಿಸ್ ಬರುವುದಿಲ್ಲ. ಗೂನಾಗಿ ಕೂತರೂ ಬರುವುದಿಲ್ಲ. ಹಾಗಾಗಿ ‘ನೆಟ್ಟಗೆ ಕೂರು’ ಎಂದು ದಿನವಿಡೀ ಗದರುವುದನ್ನು ನಿಲ್ಲಿಸಿ. ಹರೆಯದಲ್ಲಿ ಕಾಣಿಸಿಕೊಳ್ಳುವ ಬಹುಪಾಲು ಪ್ರಕರಣಗಳಿಗೆ ಇಂಥದ್ದೇ ಎಂಬ ಕಾರಣ ಸಿಗುವುದಿಲ್ಲ.

ನೀವು ಡಾಕ್ಟರನ್ನು ಕೇಳಬೇಕಾದದ್ದು ಬೇರೆ: ಬೆಳವಣಿಗೆ ಇನ್ನೆಷ್ಟು ಬಾಕಿ ಇದೆ? ಎಕ್ಸ್-ರೇಯಲ್ಲಿ ಸೊಂಟದ ಮೂಳೆಯ ಅಂಚು ನೋಡಿ 0ಯಿಂದ 5ರವರೆಗೆ ರಿಸ್ಸರ್ ಗ್ರೇಡ್ ಕೊಡುತ್ತಾರೆ. 0, 1, 2 ಬಂದರೆ ಮೂಳೆ ಇನ್ನೂ ಬೆಳೆಯುತ್ತಿದೆ, ವಕ್ರತೆಯೂ ಹೆಚ್ಚಬಹುದು. ಈ ಹಂತದಲ್ಲಿ 25ರಿಂದ 40 ಡಿಗ್ರಿ ಇರುವವರಿಗೇ ಬ್ರೇಸ್. ಅದರ ಕೆಲಸ ಬೆನ್ನನ್ನು ನೇರ ಮಾಡುವುದಲ್ಲ, ಇನ್ನಷ್ಟು ವಾಲದಂತೆ ತಡೆಯುವುದು. ಅಮೆರಿಕ ಮತ್ತು ಕೆನಡಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬ್ರೇಸ್ ಪಡೆದವರಲ್ಲಿ ಶೇ. 72 ಮಂದಿಯ ವಕ್ರತೆ ಶಸ್ತ್ರಚಿಕಿತ್ಸೆಯ ಮಾತು ಬರುವ 50 ಡಿಗ್ರಿ ಮುಟ್ಟದೆ ಉಳಿಯಿತು. ಬ್ರೇಸ್ ಇಲ್ಲದವರಲ್ಲಿ ಶೇ. 48. ದಿನಕ್ಕೆ ಸುಮಾರು 13 ಗಂಟೆಗೂ ಹೆಚ್ಚು ಹಾಕಿಕೊಂಡವರಲ್ಲಿ ಶೇ. 90ಕ್ಕೂ ಮಿಕ್ಕಿ. ಮಗಳಿಗೆ ಈ ಲೆಕ್ಕ ತೋರಿಸಿ. ಹೆದರಿಸುವುದಕ್ಕಿಂತ ಇದು ಕೆಲಸ ಮಾಡುತ್ತದೆ.

ಕಿತ್ತೆಸೆದದ್ದಕ್ಕೆ ಬಹುಶಃ ಮೊದಲ ದಿನವೇ 18 ಗಂಟೆ ಹಾಕಿಸಿದ್ದು ಕಾರಣ. ಎರಡು ಗಂಟೆಯಿಂದ ಶುರುಮಾಡಿ, ದಿನಕ್ಕೆರಡು ಗಂಟೆ ಏರಿಸುತ್ತ ಒಂದೆರಡು ವಾರದಲ್ಲಿ ಪೂರ್ತಿ ಅವಧಿಗೆ ಬನ್ನಿ. ಒಳಗೆ ಹೊಲಿಗೆಯಿಲ್ಲದ, ಮೈಗೆ ಅಂಟುವ ಹತ್ತಿಯ ಬನಿಯನ್ ಹಾಕಿ ಸುಕ್ಕಿಲ್ಲದಂತೆ ಎಳೆಯಿರಿ. ಚರ್ಮ ಸುಲಿಯುವುದು ಹೆಚ್ಚಾಗಿ ಆ ಸುಕ್ಕಿನಿಂದಲೇ. ಪಟ್ಟಿ ಎಲ್ಲಿಯವರೆಗೆ ಬಿಗಿಯಬೇಕೋ ಅಲ್ಲಿ ಪೆನ್ನಿನಿಂದ ಗುರುತು ಹಾಕಿಸಿಕೊಳ್ಳಿ. ಆರಾಮಕ್ಕೆಂದು ಸಡಿಲ ಬಿಟ್ಟರೆ ಬ್ರೇಸ್ ಜಾರಿ ಜಾರಿ ಇನ್ನಷ್ಟು ಉಜ್ಜುತ್ತದೆ, ಉಪಯೋಗವೂ ಇಲ್ಲ. ಬಿಚ್ಚಿದ ಅರ್ಧ ಗಂಟೆಯೊಳಗೆ ಮಾಯವಾಗುವ ಕೆಂಪು ಸಹಜ. ಹಾಗೇ ಉಳಿದರೆ, ಗುಳ್ಳೆ ಎದ್ದರೆ ಬ್ರೇಸ್ ಮಾಡಿದವರ ಹತ್ತಿರ ಹೋಗಿ. ಮನೆಯಲ್ಲೇ ಕತ್ತರಿಸಬೇಡಿ, ಬಟ್ಟೆ ತುರುಕಬೇಡಿ, ಕ್ರೀಮು-ಪೌಡರು ಹಚ್ಚಬೇಡಿ. ಹೊಟ್ಟೆ ಒತ್ತುವುದರಿಂದ ಊಟ ಸ್ವಲ್ಪ ಸ್ವಲ್ಪವೇ, ಹಲವು ಸಲ ಇರಲಿ. ಸ್ನಾನಕ್ಕೆ, ಆಟಕ್ಕೆ ಬಿಚ್ಚಬಹುದು.

ಮುಂದಿನ ಎಕ್ಸ್-ರೇಯಲ್ಲಿ 28 ಇದ್ದದ್ದು 31 ಆದರೆ ಗಾಬರಿ ಬೇಡ. ಕೋನ ಅಳೆಯುವಾಗ 5 ಡಿಗ್ರಿ ಆಚೀಚೆ ಆಗುವುದುಂಟು. ಎದೆಭಾಗಕ್ಕೆ ಬೀಳುವ ವಿಕಿರಣ ಕಡಿಮೆಯಾಗಲು ಬೆನ್ನ ಕಡೆಯಿಂದ ತೆಗೆಯಿರಿ ಎಂದು ಕೇಳುವುದು ಒಳ್ಳೆಯದು.

ಪ್ರಶ್ನೆ: ನನಗೆ 42 ಡಿಗ್ರಿ ಇದೆ, ನಿಂತು ಮಾಡುವ ಕೆಲಸ. ಸಂಜೆಗೆ ಸೊಂಟ ಸೆಟೆದುಕೊಳ್ಳುತ್ತದೆ. ಬಟ್ಟೆಯ ಮೇಲೆ ಏನೂ ಕಾಣದ್ದರಿಂದ ಮೇಲಧಿಕಾರಿ ‘ಸೋಮಾರಿ’ ಎನ್ನುತ್ತಾರೆ.

ಉತ್ತರ: ಅವರಿಗೆ ಎಕ್ಸ್-ರೇ ತೋರಿಸಿ ಪ್ರಯೋಜನವಿಲ್ಲ. ಕಾಯಿಲೆಯ ಹೆಸರಿನಿಂದಲೂ ಏನೂ ತಿಳಿಯುವುದಿಲ್ಲ. ನಿಮಿಷಗಳ ಲೆಕ್ಕ ಹೇಳಿ.

ಮೂರು ಒಳ್ಳೆಯ ದಿನ, ಮೂರು ಕೆಟ್ಟ ದಿನ, ನೋವು ಏರುವವರೆಗೆ ಎಷ್ಟು ಹೊತ್ತು ನಿಲ್ಲಬಲ್ಲಿರಿ ಎಂದು ಬರೆದಿಡಿ. ಸರಾಸರಿ 30 ನಿಮಿಷ ಬಂತೆನ್ನಿ, ಐದನೇ ಒಂದು ಭಾಗ ಕಳೆದು 24 ಇಟ್ಟುಕೊಳ್ಳಿ. 24 ನಿಮಿಷವಾದ ಕೂಡಲೇ, ನೋವು ಇರಲಿ ಬಿಡಲಿ, ಎರಡು ಮೂರು ನಿಮಿಷ ಕೂರಿ ಅಥವಾ ನಡೆದಾಡಿ. ಎಲ್ಲರೂ ಎಡವುವುದು ಒಳ್ಳೆಯ ದಿನದಲ್ಲೇ: ಬಾಕಿ ಕೆಲಸವೆಲ್ಲ ಅಂದೇ ಮುಗಿಸಿ ಮುಂದಿನ ಎರಡು ದಿನ ಮಲಗುತ್ತಾರೆ. ಕೆಲಸದ ಜಾಗದಲ್ಲಿ 10–15 ಸೆಂಟಿಮೀಟರ್ ಎತ್ತರದ ಮಣೆಯಿಟ್ಟು ಒಂದೊಂದೇ ಪಾದವನ್ನು ಸರದಿಯಲ್ಲಿ ಇಡಿ, ಕೆಳಬೆನ್ನಿನ ಎಳೆತ ತಗ್ಗುತ್ತದೆ.

ಪತ್ರ ಹೀಗಿರಲಿ: ‘ಒಂದೇ ಕಡೆ 24 ನಿಮಿಷಕ್ಕಿಂತ ಹೆಚ್ಚು ನಿಂತರೆ ಆ ದಿನ ಮುಂದಿನ ಕೆಲಸ ಕಷ್ಟ. ಎತ್ತರದ ಸ್ಟೂಲು, ಚಿಕ್ಕ ಬಿಡುವು ಸಿಕ್ಕರೆ ಪೂರ್ತಿ ಪಾಳಿ ಮಾಡುತ್ತೇನೆ.’ ಜೊತೆಗೆ ಡಾಕ್ಟರ ಪತ್ರ.

ಪ್ರಶ್ನೆ: ಸ್ಕೋಲಿಯೋಸಿಸ್ ಇದ್ದವರು ಗರ್ಭಿಣಿಯಾಗಬಹುದೇ?

ಉತ್ತರ: ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಹೆರಿಗೆಗೆ ಮುಂಚೆಯೇ ಅರಿವಳಿಕೆ ತಜ್ಞರನ್ನು ಹಳೆಯ ಎಕ್ಸ್-ರೇ, ಶಸ್ತ್ರಚಿಕಿತ್ಸೆಯ ಟಿಪ್ಪಣಿಗಳೊಂದಿಗೆ ಕಾಣಿ. ಶಸ್ತ್ರಚಿಕಿತ್ಸೆಯಲ್ಲಿ ಲೋಹದ ರಾಡ್ ಹಾಕಿದ ಬೆನ್ನಿಗೆ ಎಪಿಡ್ಯೂರಲ್ (ಹೆರಿಗೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಅರಿವಳಿಕೆ) ಕೊಡುವುದು ಕಷ್ಟವಾಗಬಹುದು. ಅದು ಹೆರಿಗೆ ಕೋಣೆಯಲ್ಲಿ ಗೊತ್ತಾಗಬಾರದು.

ಪ್ರಶ್ನೆ: ನನಗೆ ಫೈಬ್ರೊಮಯಾಲ್ಜಿಯಾ, ಮೈಯಿಡೀ ನೋವು, ಸುಸ್ತು ತರುವ ಕಾಯಿಲೆ. ಮೀಸಲು ಆಸನದಲ್ಲಿ ಕೂತರೆ ‘ನೋಡಿದರೆ ಚೆನ್ನಾಗೇ ಇದ್ದೀರಲ್ಲ’ ಎಂದು ಎಬ್ಬಿಸುತ್ತಾರೆ.

ಉತ್ತರ: ವಿವರಣೆ ಉದ್ದವಾದಷ್ಟೂ ಪಾಟೀಸವಾಲು ಹೆಚ್ಚು. ‘ನನಗೆ ಹೊರಗೆ ಕಾಣದ ಕಾಯಿಲೆ ಇದೆ, ನಿಲ್ಲಲಾರೆ’ ಎಂದಷ್ಟೇ ಹೇಳಿ ಸುಮ್ಮನಾಗಿ. ಇಂಥವರಿಗಾಗಿಯೇ ಲಂಡನ್ ಬಳಿಯ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ 2016ರಲ್ಲಿ ಶುರುವಾದ ಸೂರ್ಯಕಾಂತಿ ಚಿತ್ರದ ಹಸಿರು ಕೊರಳಪಟ್ಟಿ ಈಗ ಹಲವು ದೇಶಗಳಲ್ಲಿದೆ. ಸಿಬ್ಬಂದಿಗೆ ತರಬೇತಿ ಇರುವ ಕಡೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಸಹಪ್ರಯಾಣಿಕರು ಗುರುತಿಸುತ್ತಾರೆಂದು ನಂಬಬೇಡಿ.

ಪ್ರಶ್ನೆ: ಯಾವ ಬೆನ್ನುನೋವಿಗೆ ಕಾಯಬಾರದು?

ಉತ್ತರ: ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಸಂದಿ ಜೋಮುಗಟ್ಟಿದರೆ, ಕಾಲು ಇದ್ದಕ್ಕಿದ್ದಂತೆ ಸೋತರೆ ಅದೇ ಗಳಿಗೆ ತುರ್ತು ಚಿಕಿತ್ಸೆಗೆ ಹೋಗಿ. ನಿದ್ದೆಯಿಂದ ಎಬ್ಬಿಸುವ ನೋವಿಗೆ ಅದೇ ವಾರ ತೋರಿಸಿ.